ಮುಕ್ಕು ಮುದ್ರೆ

“ಕೇರಿ ಹಿಟ್ಟಿಗೆ ಜೋಡಿದಾರ್ರ ಮುದ್ರೆ ಬೇಕಾಯ್ತೇನೇ ನಿಂಗೆ? ಎತ್ತೇ ಆಚೆ, ಮುಂಡೇದೇ.”

ಜೋಡಿದಾರರ ಮನೆಯ ಆಳು ತೀರ್ಥಪ್ಪ ಬಟ್ಟೆ ಚೀಲವೊಂದನ್ನು ಕಾಲಿನಿಂದ ನೂಕಿದ. ಕಡೂರು ಸಂತೆ ತುಂಬಿದ ಹೊತ್ತು. ಚೀಲದ ಬಾಯಿ ಬಿಚ್ಚಿ ಹುರಿಹಿಟ್ಟು ಮಣ್ಣಿಗೆ ಚೆಲ್ಲಿತು. ಪಕ್ಕದ ಮೆಣಸಿನಕಾಯಿಯವಳು ತನ್ನ ರಾಶಿಗೆ ಎಲ್ಲಿ ಕಾಲು ಬೀಳುತ್ತದೋ ಎಂದು ಗೋಣಿ ಎಳೆದುಕೊಂಡಳು.

“ಕಾಲಲ್ಲಿ ಒದೀಬ್ಯಾಡ ಕಣೋ, ಅನ್ನ ಅದು,” ಎಂದಳು ಹನುಮಂತಮ್ಮ. “ನಿಮ್ಮವ್ವನೂ ಇದನ್ನೇ ಬೆಲ್ಲ ಹಾಕಿ ಕಲಸಿ ನಿನ್ ಬಾಯಿಗಿಟ್ಟಿದ್ದು.”

“ನಮ್ಮವ್ವನ ಸುದ್ದಿ ಎತ್ಬ್ಯಾಡ, ಹಲ್ಲು ಉದುರ್ತವೆ. ಸಾಹೇಬ್ರು ಬಂದವ್ರೆ, ಕೇಳು.”

ತೀರ್ಥಪ್ಪನ ಹಿಂದೆ ನಿಂತಿದ್ದ ಅಭಿರಾಮ್ ಬೈಯಲಿಲ್ಲ. ಯಗಟಿ ಕಡೆಯ ಇನಾಮು ಜಮೀನಿನ ಒಡೆಯ, ಜೋಡಿದಾರ ದ್ವಾರಕಾನಾಥರ ಮಗ ಅವನು. ಊರ ರಾಗಿಯನ್ನು ಹಿಟ್ಟು ಮಾಡಿಸಿ ಚೆಂದದ ಪೊಟ್ಟಣಗಳಲ್ಲಿ ಮಾರುತ್ತಿದ್ದ. ಬಿದ್ದ ಚೀಲವನ್ನು ಎರಡು ಬೆರಳಲ್ಲಿ ಎತ್ತಿ, ಅದರ ಮೇಲಿದ್ದ ಗುರುತನ್ನು ತೋರಿಸಿದ. ಒಂದು ಅರ್ಧಚಂದ್ರ, ಅದರ ಕೆಳಗೆ ಬಾಗಿದ ರಾಗಿತೆನೆ.

“ನೋಡಮ್ಮ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಟ್ರೇಡ್‌ಮಾರ್ಕ್ ಅಂದ್ರೆ ಜಮೀನಿನ ಪಹಣಿ ಇದ್ದ ಹಾಗೆ. ಈ ಚಿತ್ರ ನನ್ನ ಹೆಸರಲ್ಲಿ ರಿಜಿಸ್ಟರ್ ಆಗಿದೆ. ಹತ್ತು ವರ್ಷ ನಂದು. ಆಮೇಲೆ ಫೀಸು ಕಟ್ಟಿದ್ರೆ ಮತ್ತೆ ಹತ್ತು. ನೀವು ಹಿಟ್ಟು ಮಾರಿ, ಯಾರು ಬೇಡ ಅಂದ್ರು? ಗುರುತು ಅಳಿಸಿ ಮಾರಿ.”

ತಕ್ಕಡಿ ಹಿಡಿದು ಹಿಂದೆ ಕೂತಿದ್ದವಳು ಹನುಮಂತಮ್ಮನ ಮಗಳು ಭೂಮಿಕಾ. ಬಿ.ಕಾಂ. ಓದಿದವಳು. ಕೇರಿಯ ಹೆಂಗಸರ ಸಂಘ ಹಿಟ್ಟು ಹುರಿಯಲು ತೊಡಗಿದಾಗ, ‘ತಾತನ ಮುದ್ರೆ ಒತ್ತೋಣ, ಎಲ್ಲರಿಗೂ ಗುರುತು ಸಿಗುತ್ತೆ’ ಎಂದಿದ್ದವಳು ಅವಳೇ. ಅಭಿರಾಮನ ಪೊಟ್ಟಣ ಅಂಗಡಿಗೆ ಬಂದದ್ದು ಅದಾಗಿ ಎಷ್ಟೋ ದಿನಕ್ಕೆ. ಈಗ ಹೇಳಬೇಕಾದ ಮಾತುಗಳೆಲ್ಲ ಮನಸ್ಸಿನಲ್ಲಿ ಒಪ್ಪವಾಗಿ ಜೋಡಿಸಿಕೊಂಡು ನಿಂತಿದ್ದವು. ಆದರೆ ಅವಳು ತಕ್ಕಡಿಯ ಸರಪಳಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

ಮುದ್ರೆ ಅವಳ ತಾತ ಓಬಳಪ್ಪನ ಮನೆಯ ಸೂರಿನಲ್ಲಿ, ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ ಸಿಕ್ಕಿಸಿರುತ್ತಿತ್ತು. ಗೇಣುದ್ದದ ಹಿಡಿ, ಅಂಗೈಯಗಲದ ಮುಖ. ಕೆತ್ತಿದವನು ಓಬಳಪ್ಪನ ತಾತ. ಅವರದು ಊರ ಕಾವಲು, ಡಂಗುರದ ಚಾಕರಿ ಮಾಡುವ ತೋಟಿ ಮನೆತನ. ಸುಗ್ಗಿಯಲ್ಲಿ ಕಣದ ಮೇಲೆ ರಾಗಿ ರಾಶಿ ಬಿದ್ದರೆ, ತೋಟಿ ಬಂದು ಸುತ್ತ ಸಗಣಿ ಬೂದಿ ಕಲಸಿದ ಉಂಡೆಗಳನ್ನಿಟ್ಟು, ಅವುಗಳ ಮೇಲೆ ಮುದ್ರೆ ಒತ್ತಬೇಕು. ಮುದ್ರೆ ಬಿದ್ದ ರಾಶಿಯನ್ನು ಪಾಲು ಅಳೆಯುವ ದಿನ ತೋಟಿಯೇ ಬಂದು ಮುದ್ರೆ ಅಳಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಬೆಳೆದವನೂ ಇಲ್ಲ, ಜೋಡಿದಾರನೂ ಇಲ್ಲ. ರಾತ್ರಿಯೆಲ್ಲ ಚಳಿಯಲ್ಲಿ ಕಾದ ತೋಟಿಗೆ ಕೊನೆಯಲ್ಲಿ ಸಿಗುತ್ತಿದ್ದುದು ಕಣ ಗುಡಿಸಿದ ಮಣ್ಣುರಾಗಿ.

ಚಂದ್ರನ ಒಂದು ಕೊಂಬು ಮುಕ್ಕಾಗಿತ್ತು. ಚಿಕ್ಕಂದಿನಲ್ಲಿ ಭೂಮಿಕಾ ಅದನ್ನು ಬೆರಳಿನಿಂದ ತಡವಿ, “ಇದ್ಯಾಕ್ ತಾತ ಹಿಂಗೆ?” ಎಂದು ಕೇಳಿದ್ದಳು.

“ಹಳೇ ಮರ ಕಣವ್ವ,” ಎಂದು ಅವನು ಮುದ್ರೆಯನ್ನು ಸುತ್ತಿಟ್ಟಿದ್ದ.

ಅಭಿರಾಮನ ಪೊಟ್ಟಣದ ಮೇಲೆ, ಬಣ್ಣದಲ್ಲಿ ಅಚ್ಚಾದ ಚಂದ್ರನ ಕೊಂಬೂ ಅಷ್ಟೇ ಮುಕ್ಕಾಗಿತ್ತು.

ತರೀಕೆರೆಯಲ್ಲಿ ಯಶೋಧರಾ ಎಂಬ ವಕೀಲರಿದ್ದರು. ಬುದ್ಧಪೂರ್ಣಿಮೆಯ ಸಭೆಯಲ್ಲಿ ಭೂಮಿಕಾ ಅವರನ್ನು ದೂರದಿಂದ ನೋಡಿದ್ದಳು. ಈಗ ತಾಯಿಯನ್ನು ಮುಂದೆ ಬಿಟ್ಟುಕೊಂಡು ಅವರ ಕಚೇರಿಯ ಮೆಟ್ಟಿಲು ಹತ್ತಿದಳು.

“ಅವರ ಅರ್ಜಿ ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಬಂದಾಗಲೇ ತಕರಾರು ಹಾಕ್ಬೇಕಿತ್ತು,” ಎಂದರು ಯಶೋಧರಾ. “ನಾಲ್ಕು ತಿಂಗಳು ಟೈಮ್ ಕೊಟ್ಟಿರ್ತಾರೆ.”

“ಯಾವ್ ಪತ್ರಿಕೆ ತಾಯಿ? ಸಲೂನಿಗೆ ಬತ್ತದಲ್ಲ, ಅದಾ?”

“ಅಲ್ಲಮ್ಮ. ಇಂಟರ್‌ನೆಟ್ಟಲ್ಲಿ ಬರೋದು.”

ಹನುಮಂತಮ್ಮ ಮಗಳ ಕಡೆ ತಿರುಗಿದಳು. “ಊರಿಗೆಲ್ಲ ತಮಟೆ ಹೊಡ್ದು ಸುದ್ದಿ ಸಾರ್ತಿದ್ದೋನೇ ನಮ್ಮಾವ. ಈ ಸುದ್ದಿ ಸಾರಕ್ಕೆ ಒಬ್ರೂ ಕರೀನಿಲ್ವಲ್ಲ.”

ಯಶೋಧರಾ ನಕ್ಕರು, ಆದರೆ ಬೇಗ ನಿಲ್ಲಿಸಿದರು. ರಿಜಿಸ್ಟರ್ ಆದದ್ದನ್ನೂ ತೆಗೆಸಬಹುದು, ಅವರಿಗಿಂತ ಮೊದಲಿಂದ ಬಳಸುತ್ತಿದ್ದವರು ನಾವು ಎಂದು ತೋರಿಸಬೇಕು, ಬಿಲ್ಲು, ರಸೀದಿ ಇವೆಯೇ ಎಂದು ಕೇಳಿದರು. ಸಂತೆಯಲ್ಲಿ ಹಿಟ್ಟು ಅಳೆದು ಕೊಡುವವರಿಗೆ ಎಲ್ಲಿಯ ಬಿಲ್ಲು? ಕೊನೆಗೆ ಕೇರಿಯವರೇ ಪ್ರಮಾಣಪತ್ರಗಳಿಗೆ ಹೆಬ್ಬೆಟ್ಟು, ಸಹಿ ಹಾಕಿದರು. ಅರ್ಜಿ ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಗೆ ಹೋಯಿತು. ಅಷ್ಟು ದಿನವೂ ಸಂಘದ ಚೀಲಗಳು ಬೋಳುಬೋಳಾಗಿ ಸಂತೆಗೆ ಹೋದವು. ‘ಚಂದ್ರನ ಹಿಟ್ಟು ಇಲ್ವಾ?’ ಎಂದು ಕೇಳಿದವರು, ಇದೇ ಅದು ಎಂದರೂ ನಂಬದೆ, ಅಂಗಡಿಗೆ ಹೋಗಿ ಅಭಿರಾಮನ ಪೊಟ್ಟಣ ಕೊಂಡರು.

ವಿಚಾರಣೆ ನಡೆದದ್ದು ಯಶೋಧರಾ ಅವರ ಕಂಪ್ಯೂಟರಿನಲ್ಲಿ. ಓಬಳಪ್ಪ ಕುರ್ಚಿಯಿದ್ದರೂ ಗೋಡೆಗೆ ಒರಗಿ ನಿಂತಿದ್ದ. ಪರದೆಯ ಮೇಲೆ ಚೆನ್ನೈನ ಅಧಿಕಾರಿ, ಅಭಿರಾಮನ ವಕೀಲರು. ಇಂಗ್ಲಿಷಿನಲ್ಲಿ ಮಾತು. ನಂತರ ಒಂದು ವಿಡಿಯೋ.

ಅದರಲ್ಲಿ ಓಬಳಪ್ಪನೇ ಇದ್ದ. ತಲೆಗೆ ಹೊಸ ರುಮಾಲು. ಎದುರಿಗೆ ರಾಗಿ ರಾಶಿ. ಜೋಡಿದಾರರ ಕಣದಲ್ಲಿ ತೆಗೆದದ್ದು. ಭೂಮಿಕಾಗೆ ಆ ದಿನ ನೆನಪಿತ್ತು. ‘ಹಳೇ ಕಾಲದ್ದು ಜನಕ್ಕೆ ತೋರಿಸ್ಬೇಕು, ಮುದ್ರೆ ತಗೊಂಡು ಬಾ ಓಬಳಜ್ಜ’ ಎಂದು ಹೇಳಿಕಳಿಸಿದ್ದರು. ತಾತ ಗಡ್ಡ ಹೆರೆಸಿಕೊಂಡು ಹೋಗಿದ್ದ. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ, ತನಗೆ ಪೇಪರ್ ಲೋಟದಲ್ಲಿ ಕೊಟ್ಟರೆಂಬುದನ್ನೂ ಬಂದು ಸಂತೋಷವಾಗಿಯೇ ಹೇಳಿದ್ದ. ಅವರ ಅಂಗಳದೊಳಗೆ ಕಾಫಿ ಕುಡಿದದ್ದೇ ಮೊದಲಂತೆ.

“ಈ ಮುದ್ರೆ ಯಾರದು ಅಜ್ಜ?” ವಿಡಿಯೋದಲ್ಲಿ ಅಭಿರಾಮನ ದನಿ.

ಪರದೆಯ ಓಬಳಪ್ಪ ಬಾಗಿ ಕೈ ಮುಗಿದ. “ಇನ್ಯಾರ್ದು ಬುದ್ಧಿ, ತಮ್ದೇ. ಮುದ್ರೆನೂ ತಮ್ದೇ, ನಾವೂ ತಮ್ಮೋರೇ.”

ಅಧಿಕಾರಿ ಏನೋ ಕೇಳಿದರು. ಯಶೋಧರಾ ಕನ್ನಡದಲ್ಲಿ ಹೇಳಿದರು: “ಇದು ನೀವೇ ಹೇಳಿದ್ದಾ ಅಂತ ಕೇಳ್ತಿದಾರೆ.”

“ಹೂಂ ಕಣವ್ವ. ನಾನೇಯ.”

ಅದು ಅವರ ಕಡೆ ಮಾತಾಡುವ ರೀತಿ, ದಣಿಯ ಮುಂದೆ ಯಾವುದನ್ನೂ ನನ್ನದು ಅನ್ನುವ ರೂಢಿಯಿಲ್ಲ ಎಂದು ಯಶೋಧರಾ ವಿವರಿಸುತ್ತಲೇ ಇದ್ದರು. ಭೂಮಿಕಾ ಪರದೆಯನ್ನು ನೋಡಲಾರದೆ ಕಿಟಕಿಯತ್ತ ತಿರುಗಿದಳು. ಅವಳು ಲಂಗ ಹಾಕಿಕೊಂಡು ತಾತನ ಹಿಂದೆ ಹೋದ ದಿನ, ದ್ವಾರಕಾನಾಥರು ಜಗಲಿಯಿಂದ, “ಯಾರ್ ಮಗುವೋ ಅದು?” ಎಂದಿದ್ದರು. ತಾತ ಆಗಲೂ, “ತಮ್ದೇ ಬುದ್ಧಿ,” ಎಂದಿದ್ದ. ತನ್ನ ಆಡು ಯಾರದೆಂದು ಕೇಳಿದರೂ ಹಾಗೇ ಅನ್ನುತ್ತಿದ್ದ. ಆಡನ್ನು ಯಾರೂ ಅವರ ಖಾತೆಗೆ ಹತ್ತಿಸಿರಲಿಲ್ಲ.

ಬಸ್ಸು ಕಡೂರು ದಾಟಿದ ಮೇಲೆ ಓಬಳಪ್ಪ ಮೊಮ್ಮಗಳತ್ತ ತಿರುಗಿದ. “ಬರೀ ಬಾಯ್ ಮಾತು ಕಣವ್ವ ಅದು,” ಎಂದ. “ಹಂಗನ್ನಕ್ಕೆ ನಮ್ಮಪ್ಪ ಹೊಡ್ದು ಕಲ್ಸಿದ್ದ. ಮಾತು ಕಲಿಯಕ್ಕಿಂತ ಮೊದ್ಲು ಅದ್ನ ಕಲ್ತಿದ್ದು.”

ಸುಗ್ಗಿಗೆ ಆದೇಶ ಬಂತು. ಅರ್ಜಿ ವಜಾ. ಮುದ್ರೆ ಹಿಡಿದವನೇ ಅದು ಎದುರುದಾರರದೆಂದು ಒಪ್ಪಿರುವುದರಿಂದ, ಎಂದು ಬರೆದಿತ್ತು. ಭೂಮಿಕಾ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು.

“ಹೈಕೋರ್ಟಿಗೆ ಹೋಗ್ಬೋದಂತೆ,” ಎಂದಳು.

“ಹೈಕೋರ್ಟ್ನಾಗೂ ಇದೇ ಮುದುಕ ಕೈ ಮುಗೀತಾನಲ್ಲ ಆ ಟೀವಿಲಿ,” ಎಂದಳು ಹನುಮಂತಮ್ಮ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು.

ಓಬಳಪ್ಪ ಸೂರಿಗೆ ಕೈ ಹಾಕಿ ಮುದ್ರೆ ತೆಗೆದ. “ಸಗಣಿ ಬೂದಿ ಕಲ್ಸವ್ವ, ಭೂಮಿ. ಒಂದು ಬಕೀಟು.”

ಜೋಡಿದಾರರ ಸಿಮೆಂಟು ಕಣದಲ್ಲಿ ರಾಗಿ ಮನೆಯೆತ್ತರ ಬಿದ್ದಿತ್ತು. ಲಾರಿ ಹಿಮ್ಮುಖವಾಗಿ ನಿಂತಿತ್ತು. ಕೇರಿಯ ಕಲ್ಲೇಶ್ ಮತ್ತು ಜೊತೆಯವರು ಚೀಲಕ್ಕೆ ತುಂಬಲು ಮೊರ ಹಿಡಿದಿದ್ದರು. ಓಬಳಪ್ಪ ಯಾರನ್ನೂ ಕೇಳದೆ ಒಳಕ್ಕೆ ಬಂದು ರಾಶಿಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತ. ಭೂಮಿಕಾ ಉಂಡೆಯಿಟ್ಟಳು, ಅವನು ಒತ್ತಿದ. ಇನ್ನೊಂದಿಟ್ಟಳು, ಒತ್ತಿದ. ಚಂದ್ರ, ತೆನೆ. ಚಂದ್ರ, ತೆನೆ. ರಾಶಿ ಸುತ್ತಿ ಬರುವ ಹೊತ್ತಿಗೆ ಕಲ್ಲೇಶ್ ಮೊರ ಕೆಳಗಿಟ್ಟಿದ್ದ.

ತೀರ್ಥಪ್ಪ ಓಡಿ ಬಂದ. “ಏ ಬೋಳಿಮಗನೆ, ಏನ್ ಮಾಡ್ತಿದೀಯೋ? ಕಲ್ಲೇಶ, ತುಂಬ್ರೋ ನೀವು.”

“ತೋಟಿ ಅಳಿಸ್ಲಿ, ತುಂಬ್ತೀವಿ,” ಎಂದು ಕಲ್ಲೇಶ್ ಬೀಡಿ ಹಚ್ಚಿದ. “ಮುದ್ರೆ ಬಿದ್ದ ರಾಶಿ ಮುಟ್ಟಿದ್ರೆ ನಮ್ಮಜ್ಜಿ ಸತ್ತಲ್ಲಿಂದ ಎದ್ದು ಬಂದು ಉಗೀತಾಳೆ.”

ದ್ವಾರಕಾನಾಥರು ಜಗಲಿಯಿಂದ ಇಳಿದು ಬಂದರು. ಹಿಂದೆ ಅಭಿರಾಮ್. ಉಂಡೆಗಳ ಸಾಲಿನ ಹತ್ತಿರ ಬಂದಾಗ ಮುದುಕರ ಕಾಲು ತಾನಾಗಿ ನಿಂತಿತು.

“ಇದೇನೋ ಓಬಳ ಹೊಸ ಆಟ? ಅಳಿಸು.”

ಓಬಳಪ್ಪ ಎದ್ದ. ಮುದ್ರೆಯ ಮುಖವನ್ನು ಪಂಚೆಯಿಂದ ಒರೆಸಿ ಅವರತ್ತ ಹಿಡಿದ.

“ಈ ಮುಕ್ಕು ಗ್ಯಪ್ತಿ ಐತಾ ಬುದ್ಧಿ? ಇದೇ ಕಣ. ನಾವಿಬ್ರೂ ಹುಡುಗ್ರು. ರಾಶಿ ಕಮ್ಮಿ ಬಂತು ಅಂತ ನಿಮ್ಮಪ್ಪಾರು ಇದ್ನೇ ಕಿತ್ಕೊಂಡು ನಮ್ಮಪ್ಪನ ತಲೆಗೆ ಹೊಡುದ್ರು. ತಾವು ಆ ಕಂಬದತ್ರ ನಿಂತಿದ್ರಿ. ಚೂರು ಹಾರಿ ರಾಶಿಗೆ ಬಿತ್ತು. ಹುಡುಕ್ದೆ, ಸಿಗ್ನಿಲ್ಲ.”

ಭೂಮಿಕಾ ತಾತನ ಮುಖ ನೋಡಿದಳು. ಅವಳಿಗೆ ಹಳೇ ಮರ ಎಂದಿದ್ದ ಮುಖವೇ ಅದು.

ದ್ವಾರಕಾನಾಥರು ಕಂಬದ ಕಡೆ ನೋಡಲಿಲ್ಲ. “ಹಳೇದೆಲ್ಲ ಯಾಕೋ ಈಗ? ಲಾರಿ ಕಾಯ್ತಿದೆ. ಅಳಿಸೋ.”

“ಮುದ್ರೆ ತಮ್ದು ಅಂತ ಸರ್ಕಾರವೇ ಬರ್ಕೊಟ್ಟೈತಲ್ಲ ಬುದ್ಧಿ. ಮುದ್ರೆ ಯಾರ್ದೋ ಅಳಿಸೋ ಕೆಲ್ಸನೂ ಅವ್ರ್ದೇ.” ಓಬಳಪ್ಪ ದಾರಿ ಬಿಟ್ಟು ನಿಂತ. “ಅಳಿಸಿ.”

ದ್ವಾರಕಾನಾಥರು ಸಗಣಿ ಉಂಡೆಯನ್ನೂ, ಅದರ ಮೇಲೆ ಮೂಡಿದ್ದ ಕೇರಿಯವರ ಬೆರಳಚ್ಚುಗಳನ್ನೂ ನೋಡಿದರು. ಕೈಯನ್ನು ಹೆಗಲ ವಸ್ತ್ರದೊಳಕ್ಕೆ ಎಳೆದುಕೊಂಡರು.

“ಅಪ್ಪಾ, ಪೊಲೀಸರಿಗೆ ಹೇಳಿದೀನಿ, ಬರ್ತಾರೆ. ಅಲ್ಲೀವರೆಗೆ ಇದಕ್ಕೆಲ್ಲ ಯಾಕೆ ಹೆದರ್ಬೇಕು?” ಅಭಿರಾಮ್ ಮುಂದೆ ಬಂದು ಬೂಟುಗಾಲನ್ನು ಎತ್ತಿದ.

“ಕಾಲಲ್ಲಲ್ಲ.”

ಎಲ್ಲರೂ ತಿರುಗಿದರು. ಭೂಮಿಕಾಳ ಕೈ ಮೊಣಕೈವರೆಗೆ ಸಗಣಿಯಾಗಿತ್ತು. ದನಿ ಗಟ್ಟಿಯಿರಲಿಲ್ಲ.

“ಅನ್ನ ಅದು. ಕಾಲಲ್ಲಲ್ಲ, ಕೈಲಿ ಅಳಿಸ್ಬೇಕು.”

ಲಾರಿಯವನು ಇಂಜಿನ್ ಆರಿಸಿದ. ಯಗಟಿ ರಸ್ತೆಯ ಕಡೆಯಿಂದ ಜೀಪಿನ ಸದ್ದು ಕೇಳಿಸತೊಡಗಿತು. ಅಭಿರಾಮನ ಬೂಟು ಇನ್ನೂ ಕೆಳಗಿಳಿದಿರಲಿಲ್ಲ. ಅದರ ಕೆಳಗೆ, ಬಿಸಿಲಿಗೆ, ಮುಕ್ಕು ಚಂದ್ರ ಒಣಗುತ್ತಿದ್ದ.