ಆರು ಬ್ಯಾಟರಿಯ ಗಾಡಿ

ನಿಂತುಹೋಗಿದ್ದ ಗಾಡಿಯ ಮೂರನೆಯ ಬ್ಯಾಟರಿಯಿಂದ ಆಸಿಡ್ ಎಳೆದುಕೊಂಡ ಗಾಜಿನ ನಳಿಗೆಯೊಳಗೆ ತೇಲು ಪಟಕ್ಕನೆ ಮೇಲೆದ್ದು ನಿಂತಿತು. ಲಾರಿ ಮೆಕ್ಯಾನಿಕ್ ವೆಂಕಟಸ್ವಾಮಿಗೆ ನಂಬಿಕೆ ಬರಲಿಲ್ಲ. ನಳಿಗೆಯನ್ನು ಅಂಗಿಯ ಚುಂಗಿನಲ್ಲಿ ಒರೆಸಿ, ಶೆಡ್ಡಿನ ಬಾಗಿಲ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ತೇಲು ಎದ್ದರೆ ಬ್ಯಾಟರಿಯ ಹೊಟ್ಟೆ ತುಂಬಿದೆ ಎಂದರ್ಥ, ಮುಳುಗಿದರೆ ಖಾಲಿ. ಮೂರು, ನಾಲ್ಕು, ಐದು, ಆರು, ಈ ನಾಲ್ಕೂ ತುಂಬಿದ್ದವು. ಒಂದು ಮತ್ತು ಎರಡರಲ್ಲಿ ಮಾತ್ರ ತೇಲು ತಳ ಕಚ್ಚಿಕೊಂಡು ಏಳಲೇ ಇಲ್ಲ.

"ಅದರಲ್ಲಿ ನೋಡೋದೇನಿದೆ ವೆಂಕಟಸ್ವಾಮಿ? ಕೆಡಿಸಿದೋನು ನಿಮ್ಮ ಹಿಂದೇನೇ ನಿಂತಿದಾನೆ," ಎಂದರು ಬೆತ್ತದ ಕುರ್ಚಿಯಲ್ಲಿ ಕೂತಿದ್ದ ತೋಟದ ಯಜಮಾನ ಆನಂದಪ್ಪನವರು. "ಸೀಸೆಯಲ್ಲಿರೋ ಡಿಸ್ಟಿಲ್ಡ್ ನೀರು ಬಿಟ್ಟು ಬೇರೆ ಹಾಕ್ಬೇಡ ಅಂತ ನೂರು ಸಲ ಬಡ್ಕೊಂಡಿದೀನಿ. ಬಾವಿ ನೀರು ಹುಯ್ದಿದಾನೆ. ಅವನೇ ಒಪ್ಕೊಂಡ. ನಾಳೆ ಬೆಳಿಗ್ಗೆ ಮನೆ ಖಾಲಿ ಮಾಡು ಅಂದಿದೀನಿ."

ಹಿಂದೆ ನಿಂತಿದ್ದವನು ತೋಟದ ಆಳು ಚಿಕ್ಕಮಾರಯ್ಯ. ಹನ್ನೊಂದು ವರ್ಷದಿಂದ ಈ ದ್ರಾಕ್ಷಿತೋಟದ ಮೂಲೆಯ ಹೆಂಚಿನ ಮನೆಯಲ್ಲಿ ಹೆಂಡತಿ ಮಾರಮ್ಮ, ಮಕ್ಕಳೊಂದಿಗೆ ಇದ್ದವನು. ಟವೆಲನ್ನು ಕಂಕುಳಿಗೆ ಸೇರಿಸಿಕೊಂಡು ನೆಲ ನೋಡುತ್ತಿದ್ದ.

"ಒಂದೇ ದಪ ಬುದ್ಧಿ. ಸೀಸೆ ನೀರು ಆಗೋಗಿತ್ತು. ಒಣಗೋಯ್ತವೇನೋ ಅಂತ ಭಯ ಆಯ್ತು. ಆರಕ್ಕೂ ಒಂದೊಂದ್ ಗುಟುಕು ಉಯ್ದುಬುಟ್ಟೆ. ನಂದೇ ತಪ್ಪು."

ಆರಕ್ಕೂ ಎಂಬ ಮಾತು ವೆಂಕಟಸ್ವಾಮಿಯ ಕಿವಿಯೊಳಗೆ ನಿಂತುಬಿಟ್ಟಿತು.

ಈ ಗಾಡಿ ಅಟ್ಟೂರಿನ ಈ ತೋಟಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಗಾಲ್ಫ್ ಎಂಬ ಆಟವಾಡುವ ದೊರೆಗಳು ಮೈದಾನದಲ್ಲಿ ಚೆಂಡಿನ ಹಿಂದೆ ಕೂತು ಹೋಗಲೆಂದು ಅಮೆರಿಕದಲ್ಲಿ ಮಾಡಿದ ಗಾಡಿಯಂತೆ ಅದು. ನಡೆಯಲು ಬೇಸರವಾದರೆ ಆಟವನ್ನೇ ಬಿಡಬಹುದಿತ್ತಲ್ಲ ಎಂದು ಯಶವಂತಪುರದ ಲಾರಿ ಶೆಡ್ಡಿನವರು ನಕ್ಕಿದ್ದರು. ಊರಿಗೆ ವಾಪಸು ಹೊರಟಿದ್ದ ಒಬ್ಬ ಪರದೇಶದ ಎಂಜಿನಿಯರ್ ಅದನ್ನು ಆನಂದಪ್ಪನವರಿಗೆ ಕೊಟ್ಟು ಹೋಗಿದ್ದ. ತಾವೂ ಎಂಜಿನಿಯರಾಗಿದ್ದು, ಅಣೆಕಟ್ಟಿನ ಕೆಲಸದಲ್ಲಿ ಬಿದ್ದು ಮೊಣಕಾಲು ಮಡಚದಂತಾಗಿದ್ದ ಅವರಿಗೆ ಹದಿನಾಲ್ಕು ಎಕರೆ ತೋಟ ಸುತ್ತಲು ಅದೇ ಕಾಲಾಯಿತು.

ವೆಂಕಟಸ್ವಾಮಿ ಅದನ್ನು ಮೊದಲು ಕಂಡ ದಿನ ಬೇಲಿಯ ಪಕ್ಕ ಬೀಡಿ ಹಚ್ಚುತ್ತಿದ್ದ. ಬಳ್ಳಿಗಳ ಚಪ್ಪರದ ನಡುವೆ ಗಾಡಿಯೊಂದು ಆನಂದಪ್ಪನವರನ್ನು ಹೊತ್ತು ತಣ್ಣಗೆ ಬಂದು ಎದುರು ನಿಂತಿತು. ಗುಡುಗುಡು ಇಲ್ಲ, ಹೊಗೆ ಇಲ್ಲ. ಚಕ್ರದ ಕೆಳಗೆ ಒಣಗಿದ ಎಲೆ ಮುರಿಯುವ ಸದ್ದೊಂದೇ. ಇಪ್ಪತ್ತು ವರ್ಷ ಲಾರಿಗಳ ಗದ್ದಲದಲ್ಲಿ ಕಿವಿ ಸವೆಸಿಕೊಂಡವನಿಗೆ ಮೈ ಜುಮ್ಮೆಂದಿತು. ಬೀಡಿ ಬೆರಳು ಸುಡುವ ತನಕ ಅವನು ಗಾಡಿಯನ್ನೇ ನೋಡುತ್ತ ನಿಂತಿದ್ದ.

ಅದಕ್ಕೆ ದೀಪವಿರಲಿಲ್ಲ. ಹಣ್ಣು ಕಪ್ಪಾಗುವ ಕಾಲದಲ್ಲಿ ಸಂಜೆಯಾಯಿತೆಂದರೆ ಬಾವಲಿಗಳು ಮುತ್ತಿಕೊಳ್ಳುತ್ತವೆ. ಬೆಳಕು ಬಿಟ್ಟು ಹಾರ್ನ್ ಹೊಡೆದರೆ ಚದುರುತ್ತವೆ. ಹೋದ ತಿಂಗಳು ಆನಂದಪ್ಪನವರು ಹೇಳಿಕಳಿಸಿ, ಎರಡು ಹೆಡ್‌ಲೈಟು, ಒಂದು ಹಾರ್ನು, ಜೊತೆಗೆ ಕಾರಿನ ರೇಡಿಯೋ ಒಂದನ್ನು ಕೂಡಿಸಲು ಹೇಳಿದರು. ಅಷ್ಟು ದೊಡ್ಡ ಮನುಷ್ಯರು ತನ್ನನ್ನೇ ಹುಡುಕಿ ಕರೆದರಲ್ಲ ಎಂದು ವೆಂಕಟಸ್ವಾಮಿ ಉಬ್ಬಿಹೋಗಿದ್ದ. ಅವನು ಕೈ ಇಟ್ಟ ಗಾಡಿ ರಿಪೇರಿಗೆ ಮರಳಿ ಬರುವುದಿಲ್ಲ ಎಂದು ಯಶವಂತಪುರದಿಂದ ಯಲಹಂಕದವರೆಗೆ ಮಾತಿತ್ತು. ಆ ಮಾತೇ ಅವನ ಆಸ್ತಿ.

ಆ ಮಾತಿನ ಧಿಮಾಕಿನಲ್ಲೇ ಕೆಲಸವನ್ನೂ ಮಾಡಿದ್ದ. ಸೀಟಿನ ಕೆಳಗೆ ಆರು ಬ್ಯಾಟರಿ, ಒಂದೊಂದೂ ಆರು ವೋಲ್ಟು. ಲಾರಿ ದೀಪಕ್ಕೆ ಬೇಕಾದ್ದು ಹನ್ನೆರಡು. ಮೊದಲ ಎರಡರಿಂದ ತಂತಿ ಎಳೆದ, ದೀಪ ಧಗ್ಗೆಂದು ಹೊತ್ತಿತು, ಚಹ ಕುಡಿದು ಸೈಕಲ್ ಹತ್ತಿದ. ಲಾರಿಯಲ್ಲಾದರೆ ಎಂಜಿನ್ ಓಡಿದಷ್ಟೂ ಡೈನಮೋ ಬ್ಯಾಟರಿಯನ್ನು ತುಂಬುತ್ತಲೇ ಇರುತ್ತದೆ. ಇಲ್ಲಿ ಡೈನಮೋ ಎಲ್ಲಿಯದು? ಚಾರ್ಜರಿಗೆ ಹಾಕಿದಾಗ ಆರಕ್ಕೂ ಒಂದೇ ಅಳತೆಯ ಊಟ. ಆದರೆ ಮೊದಲ ಎರಡು ಬ್ಯಾಟರಿ ಮಾತ್ರ ಹಗಲೆಲ್ಲ ಉಳಿದವುಗಳ ಜೊತೆ ಗಾಡಿ ಎಳೆದು, ಸಂಜೆ ತಾವೆರಡೇ ದೀಪ, ಹಾರ್ನು, ರೇಡಿಯೋ ಮೂರನ್ನೂ ಹೊತ್ತಿದ್ದವು. ಮೂರು ವಾರ ಹೊತ್ತು ಕೊನೆಗೆ ಕುಸಿದಿದ್ದವು. ಒಂದರ ಹಿಂದೊಂದು ಕಟ್ಟಿದ ಸಾಲು, ಎರಡು ಕುಸಿದರೆ ಆರೂ ನಿಂತಂತೆಯೇ.

ಬಾವಿ ನೀರಿನಿಂದ ಕೆಟ್ಟಿದ್ದರೆ ಆರೂ ಒಟ್ಟಿಗೆ ಕೆಡಬೇಕಿತ್ತು. ಕೆಟ್ಟದ್ದು ತಾನು ತಂತಿ ಎಳೆದ ಎರಡೇ. ಗಾಜಿನೊಳಗೆ ಮಲಗಿದ್ದ ತೇಲನ್ನು ನೋಡುತ್ತ ವೆಂಕಟಸ್ವಾಮಿಗೆ ಭಯವೂ ಬೆರಗೂ ಒಟ್ಟಿಗೇ ಆದವು. ಬಾಯಿಲ್ಲದ ಸೀಸದ ಪೆಟ್ಟಿಗೆಗಳು ಯಾರು ಏನು ಮಾಡಿದರೆಂದು ಇಷ್ಟು ಚೊಕ್ಕವಾಗಿ ಹೇಳುತ್ತಿವೆಯಲ್ಲ! ಅವುಗಳ ಭಾಷೆ ಬಲ್ಲವನು ಆ ಶೆಡ್ಡಿನಲ್ಲಿ ಅವನೊಬ್ಬನೇ. ಅವನು ಬಾಯಿ ಮುಚ್ಚಿಕೊಂಡರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ಒಪ್ಪಿಕೊಂಡವನೂ ಸಿದ್ಧನಾಗಿ ನಿಂತಿದ್ದ.

ಮುಚ್ಚಿಕೊಳ್ಳಬೇಕೆಂದೇ ಅವನಿಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಇಪ್ಪತ್ತು ವರ್ಷದ ಹೆಸರು. ನಳಿಗೆಯ ಆಸಿಡ್ಡನ್ನು ಹನಿ ಹನಿಯಾಗಿ ವಾಪಸು ಬಿಟ್ಟ, ಮುಚ್ಚಳ ತಿರುಗಿಸಿದ, ಬೇಕಿಲ್ಲದಿದ್ದರೂ ಇನ್ನೊಮ್ಮೆ ಬಿಗಿ ಮಾಡಿದ. ಪಕ್ಕದಲ್ಲಿ ಚಿಕ್ಕಮಾರಯ್ಯ ಬಗ್ಗಿ, ಬ್ಯಾಟರಿಯ ಮೇಲೆ ಚೆಲ್ಲಿದ್ದ ಹನಿಯನ್ನು ತನ್ನ ಟವೆಲಿನಿಂದ ಮೆಲ್ಲಗೆ ಒರೆಸಿದ. ಆಸಿಡ್ ತಾಗಿದರೆ ಬಟ್ಟೆ ತೂತಾಗುತ್ತದೆಂದು ಅವನಿಗೆ ಗೊತ್ತಿತ್ತು. ಆ ಟವೆಲು ತುಂಬ ತೂತುಗಳೇ ಇದ್ದವು.

"ಸಾರ್," ಎಂದ ವೆಂಕಟಸ್ವಾಮಿ. "ಇವ್ನು ಕೆಡಿಸಿಲ್ಲ. ನಾನು ಕೆಡಿಸಿರೋದು."

"ಏನಂದ್ರಿ?"

"ಲಾರಿ ಬುದ್ಧಿ ಸಾರ್ ನಂದು. ದೀಪಕ್ಕೆ, ರೇಡಿಯೋಗೆ ಎಲ್ಲಾ ಈ ಎರಡರಿಂದಲೇ ಕರೆಂಟ್ ತಗೊಂಡ್ಬಿಟ್ಟೆ. ಇವೆರಡೂ ದುಡಿದು ದುಡಿದು ಸತ್ತಿವೆ. ಅವನು ಹಾಕಿದ್ದು ಒಂದ್ ಗುಟುಕು ನೀರು, ಅದರಿಂದ ಏನೂ ಆಗಿಲ್ಲ. ಬೇಕಾದ್ರೆ ನೀವೇ ನೋಡಿ."

ಆನಂದಪ್ಪನವರು ಕೋಲೂರಿ ಎದ್ದು ಬಂದರು. ವೆಂಕಟಸ್ವಾಮಿ ಆರಕ್ಕೂ ನಳಿಗೆ ಇಳಿಸಿ ತೋರಿಸಿದ. ಅವರು ಎಂಜಿನಿಯರ್, ಎರಡನೇ ಸಲ ಹೇಳಬೇಕಾಗಲಿಲ್ಲ. ಕಿವಿಗಳು ಕೆಂಪಾಗಿದ್ದವು.

"ತಂತಿ ಎಲ್ಲಿಂದ ಹೋಗಿದೆ ಅಂತ ದಿನಾ ನೋಡ್ತಿದ್ದೆ ಕಣ್ರೀ," ಎಂದರು. "ನನಗೂ ಹೊಳೀಲಿಲ್ಲ. ಇವನ್ನ ಬೈಯೋದೊಂದು ಹೊಳೀತು." ಆಮೇಲೆ ಗೋಡೆಯ ಕಡೆ ತಿರುಗಿ, "ಚಿಕ್ಕಮಾರಯ್ಯ, ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಕೊಂಡು ಬಾರಪ್ಪ," ಎಂದರು. ಹನ್ನೊಂದು ವರ್ಷದಲ್ಲಿ ಅವರು ಅವನನ್ನು ಅಪ್ಪಾ ಎಂದದ್ದು ಅದೇ ಮೊದಲು.

ಸತ್ತ ಎರಡರ ಜಾಗದಲ್ಲಿ ಟ್ರ್ಯಾಕ್ಟರಿನ ಹನ್ನೆರಡು ವೋಲ್ಟಿನ ಬ್ಯಾಟರಿ ಕೂತಿತು. ಆ ಎರಡನ್ನು, ಬ್ಯಾಟರಿ ಚಾರ್ಜು ಮಾಡುವ ಖಾದರ್ ಬಾಷಾನ ಅಂಗಡಿಗೆ ಒಯ್ದು ಬದುಕಿಸಿ ತರುವುದಾಗಿ ವೆಂಕಟಸ್ವಾಮಿ ಹೇಳಿದ. ರೇಡಿಯೋ ಕಿತ್ತ. ಹಾರ್ನು ಕಿತ್ತು, ಕೈಯಲ್ಲಿ ಒತ್ತುವ ರಬ್ಬರ್ ಬುರುಡೆಯ ಹಾರ್ನು ಕಟ್ಟಿದ. ದೀಪದ ಮುಂದೆ ಮಾತ್ರ ತುಂಬ ಹೊತ್ತು ಕೂತ. ಆಮೇಲೆ ಡಬ್ಬಿ ಸುರುವಿ, ಹಳೇ ಕಾರುಗಳಿಂದ ಬಿಚ್ಚಿಟ್ಟಿದ್ದ ಆರು ವೋಲ್ಟಿನ ಬಲ್ಬುಗಳಲ್ಲಿ ಒಂದೇ ಜಾತಿಯ ಆರನ್ನು ಆರಿಸಿದ. ಮುಂದೆ ನಾಲ್ಕು, ಹಿಂದೆ ಎರಡು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ, ತಂತಿಯ ಎರಡು ತುದಿಗಳನ್ನು ಬ್ಯಾಟರಿಗಳ ಇಡೀ ಸಾಲಿನ ಈ ಕೊನೆಗೊಂದು, ಆ ಕೊನೆಗೊಂದು ಕೂಡಿಸಿದ. ಈಗ ದೀಪದ ಭಾರ ಎಲ್ಲ ಬ್ಯಾಟರಿಗೂ ಸಮ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಲೆಕ್ಕ ತಪ್ಪಿದರೆ ಆರೂ ಬಲ್ಬು ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತಿದ್ದವು.

ಹೊರಗೆ ಬೆಳಕು ಇಳಿದಿತ್ತು. ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟ. ಒತ್ತಿದ.

ಆರೂ ಹೊತ್ತಿದವು. ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ. ತನ್ನ ಕೈಯಿಂದಲೇ ಆದದ್ದು ಎಂಬುದನ್ನೂ ಮರೆತು ವೆಂಕಟಸ್ವಾಮಿ ಬಾಯಿ ತೆರೆದುಕೊಂಡು ನೋಡಿದ.

"ಹತ್ತೋ," ಎಂದರು ಆನಂದಪ್ಪನವರು ಚಿಕ್ಕಮಾರಯ್ಯನಿಗೆ. "ನೀನೇ ಬಿಡು. ಮನೆ ಬಿಡೋದು ಬೇಡ ಅಂತ ಮಾರಮ್ಮಂಗೆ ಹೋಗಿ ಹೇಳ್ಬಿಟ್ಟು ಬಾ. ವೆಂಕಟಸ್ವಾಮಿ, ನೀವೂ ಜೊತೆಗೆ ಕೂತ್ಕೊಳ್ಳಿ."

"ನಾನಾ ಬುದ್ಧಿ? ನಂಗೆಲ್ ಬತ್ತದೆ?"

"ದಿನಾ ತಳ್ಳಿದೀಯ, ತೊಳೆದಿದೀಯ. ಕಾಲಿಟ್ಟು ಒತ್ತು, ಅಷ್ಟೇ."

ಗಾಡಿ ಚಪ್ಪರದ ನಡುವೆ ಹೊರಟಿತು. ಬೆಳಕು ಮುಂದೆ ಹರಿದಂತೆಲ್ಲ ದ್ರಾಕ್ಷಿ ಗೊಂಚಲುಗಳು ಕತ್ತಲೊಳಗಿಂದ ಒಂದೊಂದಾಗಿ ಕಾಣಿಸಿಕೊಂಡು ಹಿಂದೆ ಸರಿದವು. ಚಿಕ್ಕಮಾರಯ್ಯ ಸ್ಟೀರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಸೀಟಿಗೆ ಬೆನ್ನು ತಾಗಿಸದೆ, ಕಣ್ಣು ಮಿಟುಕಿಸದೆ ಕೂತಿದ್ದ.

ಹೆಂಚಿನ ಮನೆಯ ತಿರುವಿನಲ್ಲಿ ಬೆಳಕು ಜಗಲಿಗೆ ಬಿತ್ತು. ಅಲ್ಲಿ ಪಾತ್ರೆ ತುಂಬಿದ ಗೋಣಿಚೀಲ, ಮಗ್ಗುಲಲ್ಲಿ ಕಿತ್ತಿಟ್ಟ ಬೀಸುವ ಕಲ್ಲು, ಹಳೆಯ ಸೀರೆಯಲ್ಲಿ ಕಟ್ಟಿದ ದೊಡ್ಡ ಬಟ್ಟೆಗಂಟು ಇದ್ದವು. ಸದ್ದಿಲ್ಲದೆ ಬಂದ ಬೆಳಕಿಗೆ ಬೆಚ್ಚಿ ಮಾರಮ್ಮ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದಳು. ಚಕ್ರ ಹಿಡಿದು ಕೂತ ಗಂಡನನ್ನು ಕಂಡಳು. ಆ ಬೆಳಕಿನಲ್ಲೇ ನೆಲಕ್ಕೆ ಕುಕ್ಕರಿಸಿ ಬಟ್ಟೆಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಿಗಿದು ಕಟ್ಟಿದ ಗಂಟು ಬೆರಳಿಗೆ ಬಗ್ಗದಾಗ, ಬಾಗಿ ಹಲ್ಲಿನಿಂದ ಬಿಚ್ಚತೊಡಗಿದಳು.