ಶಿವರಾಯನ ಕೈಗುಣ

ಡಾಕ್ಟರ್ ಶಿವಕಾಂತಾ ಶಿವರಾಯನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಒಂದೇ ಒಂದು ಪ್ಲಾಸ್ಟಿಕ್ ಸಿರಿಂಜು. ಮೈಮೇಲಿನ ಗೆರೆ, ಅಂಕಿಗಳೆಲ್ಲ ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ತಳದಲ್ಲಿ ಕಂದುಬಣ್ಣದ ಒಣ ಕಲೆ. ಆಳಂದ, ಅಫಜಲಪುರ, ಜೇವರ್ಗಿ ಎಂದು ಮೂರು ತಾಲ್ಲೂಕು ಅಲೆದು, ಸಾವಿರಾರು ಜನರ ರಕ್ತ ಪರೀಕ್ಷಿಸಿ, ಲಿವರನ್ನು ಒಳಗೊಳಗೇ ತಿನ್ನುವ ಹೆಪಟೈಟಿಸ್ ಬಿ ರೋಗದ ಜಾಡು ಹಿಡಿಯುವುದು ಅವಳ ಸಂಶೋಧನೆ. ಎಲ್ಲೂ ಇಲ್ಲದಷ್ಟು ರೋಗ ಹಿರೋಳ್ಳಿಯಾಚೆಯ ಈ ಸಣ್ಣ ಊರಿನಲ್ಲೇ ಯಾಕೆ ಎಂದು ವರ್ಷವಿಡೀ ತಲೆ ಕೆಡಿಸಿಕೊಂಡಿದ್ದಳು. ಉತ್ತರ ಈ ಡಬ್ಬಿಯಲ್ಲಿ ಮಲಗಿತ್ತು.

"ಸೂಜಿ ಒಬ್ಬೊಬ್ಬರಿಗೂ ಹೊಸಾದು ಹಾಕ್ತೇನ್ರಿ ಮೇಡಂ," ಎಂದ ಕಂಪೌಂಡರ್ ಶಿವರಾಯ, ಅವಮಾನವಾದವನಂತೆ. "ಹಿಂದಿನ ನಳಿಗಿ ಯಾಕ ಬದಲಿಸಬೇಕು? ಅದು ಮೈಗೆ ತಾಗಂಗೇ ಇಲ್ಲಲ್ರಿ."

ನಳಿಗೆಯೊಳಗೆ ಉಳಿದ ಒಬ್ಬರ ರಕ್ತದ ಹನಿ ಇನ್ನೊಬ್ಬರ ಮೈ ಸೇರುತ್ತದೆ ಎಂದು ಎಷ್ಟು ಬಿಡಿಸಿ ಹೇಳಿದರೂ ಆಸಾಮಿ ತಲೆ ಅಲ್ಲಾಡಿಸುತ್ತ ಕೂತ. ಇಪ್ಪತ್ತೈದು ವರ್ಷದಿಂದ ನೆಗಡಿಗೆ, ಮೈಕೈ ನೋವಿಗೆ, ಪರೀಕ್ಷೆಗೆ ಹೆದರಿದ ಹುಡುಗಿಯರಿಗೆ ತಾಕತ್ತು ಬರಲೆಂದು ಚುಚ್ಚಿದ್ದೇ ಚುಚ್ಚಿದ್ದು. ಊರಿಗೂ ಅದೇ ಬೇಕು. ಗುಳಿಗೆ ಕೊಟ್ಟು ಕಳಿಸುವವನು ಅಲ್ಲಿ ಡಾಕ್ಟರೇ ಅಲ್ಲ.

ಅವನ ಮೇಲೆ ದೂರು ಬರೆದು ಕಳಿಸಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಸಂಜೆ ಜನರನ್ನು ಸೇರಿಸಿ, "ಸೂಜಿನೇ ನಿಮ್ಮ ಊರಿಗಿ ರೋಗ ತಂದದ್ದು, ಇನ್ನ ಯಾರೂ ಸೂಜಿ ಹಾಕಿಸ್ಕೋಬ್ಯಾಡ್ರಿ" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜನ ಅದನ್ನು ತಮಗೆ ಬೇಕಾದಂತೆ ತಿಳಿದುಕೊಂಡರು. ಕೆಟ್ಟದ್ದು ಸೂಜಿ, ಪಾಪ, ಶಿವರಾಯನದೇನು ತಪ್ಪು?

ದೂರಿಗೆ ಉತ್ತರವೇ ಬರಲಿಲ್ಲ. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಊರಿನಿಂದ ಫೋನು ಬಂತು. ಬಾಣಂತನಕ್ಕೆ ತವರಿಗೆ ಬಂದಿದ್ದ ಮುಸ್ಕಾನ, ಆಂಬ್ಯುಲೆನ್ಸ್ ತಲುಪುವ ಮೊದಲೇ ಮನೆಯಲ್ಲೇ ಹೆತ್ತಿದ್ದಳು. ಅವಳ ರಕ್ತದಲ್ಲಿ ಆ ರೋಗವಿತ್ತು. ಹುಟ್ಟಿದ ಇಪ್ಪತ್ನಾಲ್ಕು ಗಂಟೆಯೊಳಗೆ ಲಸಿಕೆ ಬೀಳದಿದ್ದರೆ ಅದು ಕೂಸಿಗೂ ಜೀವಮಾನಕ್ಕೆ ಅಂಟಿಕೊಳ್ಳಬಹುದು. ಶಿವಕಾಂತಾ ಐಸ್ ಪೆಟ್ಟಿಗೆ ಹಿಡಿದು ಓಡಿ ಬಂದಳು.

ಮುಸ್ಕಾನಳ ತಾಯಿ ಪ್ಯಾರಿಬಿ ಹೊಸ್ತಿಲಲ್ಲೇ ತಡೆದಳು. "ಸೂಜಿಲಿಂದ ರೋಗ ಬರ್ತದ ಅಂದವರು ನೀವೇ. ಈಗ ಹಸಿಗೂಸಿಗಿ ಅದನ್ನೇ ತಂದೀರೇನ್ರಿ?"

"ಇದು ಹೊಸಾದು. ಇದೊಂದು ಹಾಕಲಿಲ್ಲಂದ್ರ ಕೂಸಿನ ಲಿವರ್ ಹಾಳಾಗ್ತದವ್ವ."

ಎರಡು ತಾಸು ಬೇಡಿಕೊಂಡಳು. ಒಳಗಿನಿಂದ ಮುಸ್ಕಾನ, "ಹಾಕಸೋಣ ಅಮ್ಮಿ," ಎಂದು ಅತ್ತಳು. ಕೊನೆಗೆ ಪ್ಯಾರಿಬಿ ಸ್ವಲ್ಪ ಸಡಿಲಾದಳು.

"ಹಾಕೋದೇ ಆದ್ರ ಶಿವರಾಯ ಹಾಕ್ಲಿ. ಅವನ ಕೈಗುಣ ಛಲೋ ಅದ. ನನ್ನ ಮಗಳಿಗಿ ಸಣ್ಣಾಕಿ ಇದ್ದಾಗಿಂದ ಅವನೇ ನೋಡ್ಯಾನ."

ಈ ಹುಡುಗಿಗೆ ರೋಗ ಹಚ್ಚಿದ ಕೈಗೇ ಕೂಸನ್ನೂ ಕೊಡಬೇಕು. ಅವನ ಮುಖ ನೋಡುವುದೇ ಶಿವಕಾಂತಾಳಿಗೆ ಹೇಸಿಗೆಯಾಗಿತ್ತು. ಆದರೆ ಒಳಗೆ ಕೂಸು ಅಳುತ್ತಿತ್ತು, ಗಂಟೆ ಓಡುತ್ತಿತ್ತು. ಹೋಗಿ ಕರೆದುಕೊಂಡು ಬರ್ರಿ ಎಂದಳು.

ಶಿವರಾಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ. ಅವಳು ಅವನ ಕೈಯನ್ನು ಮೂರು ಸಲ ಸಾಬೂನಿನಲ್ಲಿ ತೊಳೆಸಿದಳು. ತಾನೇ ಪೊಟ್ಟಣ ಹರಿದು, ತಾನೇ ಲಸಿಕೆ ತುಂಬಿ, ಅವನ ಬೆರಳ ನಡುವೆ ಇಟ್ಟಳು. ಅವನು ಕೂಸಿನ ತೊಡೆ ಹಿಡಿದು ಚುಚ್ಚಿದ. ಅಸಹ್ಯದ ಮಾತೆಂದರೆ, ಅವನ ಕೈ ನಿಜಕ್ಕೂ ಹದವಾಗಿತ್ತು.

ಕೂಸು ಒಮ್ಮೆ ಚೀರಿ ಸುಮ್ಮನಾಯಿತು. ಪ್ಯಾರಿಬಿ ಶಿವರಾಯನ ತಲೆ ಮುಟ್ಟಿ ನೆಟಿಗೆ ಮುರಿದು, ಒಳಗಿನಿಂದ ಚಹಾ ತರಿಸಿದಳು. ಡಾಕ್ಟರಮ್ಮನಿಗೆ ನೀರು ಕೂಡ ಯಾರೂ ಕೇಳಲಿಲ್ಲ. ಆಗಲಿ, ಕೂಸಿಗೆ ಲಸಿಕೆ ಬಿತ್ತಲ್ಲ ಎಂದು ಅವಳು ಪೆಟ್ಟಿಗೆ ಮುಚ್ಚತೊಡಗಿದಳು.

ಶಿವರಾಯ ಚಹಾ ಪಕ್ಕಕ್ಕಿಟ್ಟು ಸಿರಿಂಜಿನ ಒತ್ತುವ ಕಡ್ಡಿಯನ್ನು ಹಿಂದಕ್ಕೆ ಜಗ್ಗಿ ನೋಡುತ್ತಿದ್ದ. ಬರಲಿಲ್ಲ. ಒಮ್ಮೆ ಒತ್ತಿದರೆ ಒಳಗೇ ಬಿಗಿದುಕೊಳ್ಳುವ, ಎರಡನೆಯವರಿಗೆ ಬಳಸಲಾಗದ ಸರ್ಕಾರಿ ಸಿರಿಂಜು ಅದು. ಹಲ್ಲು ಕಚ್ಚಿ ಇನ್ನೊಮ್ಮೆ ಜಗ್ಗಿದ. ಆಮೇಲೆ ಅದನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ, ಅವಳ ಮುಂದೆ ಹಿಡಿದು ಮುಖ ಸಿಂಡರಿಸಿದ.

"ಮನ್ಯಾಗ ಇಬ್ಬರು ಪೇಷಂಟ್ ಕುಂತಾರ. ಒಬ್ಬರಿಗೇ ಕೆಟ್ಟುಹೋತು ನೋಡ್ರಿ. ಎಂಥಾ ಹಲ್ಕಾ ಮಾಲ್ ತರ್ತೀರಿ ಮೇಡಂ."