ಪಟ್ಟೆಕೋಳಿ ಮರಿಗಳ ಪಾಲು

"ಬರ್ಲಿ, ಇನ್ನೂ ಸ್ವಲ್ಪ ಹಿಂದೆ ಬರ್ಲಿ... ಸಾಕು! ಸಾಕು ಅಂದ್ನಲ್ಲ ಹುಂಜಣ್ಣ, ಗೋಡೆಗೆ ಮುತ್ತು ಕೊಡ್ತೀಯೇನು?" ಎನ್ನುತ್ತ ಕ್ಷೌರದಂಗಡಿಯವನು ವ್ಯಾನಿನ ಹಿಂಭಾಗಕ್ಕೆ ಅಂಗೈಯಿಂದ ತಟ್ಟಿದ.

ಹುಂಜಣ್ಣ ಬ್ರೇಕು ಒತ್ತಿದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನಿಗೆ ವ್ಯಾನು ಹಿಂದಕ್ಕೆ ತೆಗೆಯುವುದನ್ನು ಕತ್ತರಿ ಹಿಡಿಯುವವನು ಹೇಳಿಕೊಡಬೇಕೇ? ಬೇರೆ ದಿನವಾಗಿದ್ದರೆ ಅವನೂ ಒಂದು ಮಾತು ತಿರುಗಿಸಿ ಕೊಡುತ್ತಿದ್ದ. ಇವತ್ತು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ. ಒಳಗೆ ನಡುಮನೆಯಲ್ಲಿ ಗಡಿಯಾರದಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಲವತ್ತು ವರ್ಷ ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿ ಮಾಡಿದವನು, ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಎದ್ದವನೇ ಕುಸಿದುಬಿದ್ದಿದ್ದ. ಅವನ ಹೆಂಡತಿ ಅತ್ತಿಗೆಯ ಕೂಗು ಕೇಳಿ ಗೋಡೆಯಾಚೆಯ ಮನೆಯಿಂದ ಹುಂಜಣ್ಣ ಬರಿಗಾಲಲ್ಲಿ ಓಡಿಬಂದಿದ್ದ. ಗೆಳೆಯನ ಕಣ್ಣು ಮುಚ್ಚಿದ್ದೂ ಅವನೇ.

ಸತ್ತವನ ಮಗಳು ವ್ಯಾನಿನ ಕಿಟಕಿಗೆ ಬಂದಳು. ಅತ್ತು ಅತ್ತು ದನಿ ಕಟ್ಟಿತ್ತು.

"ಚಿಕ್ಕಪ್ಪ, ಗಾಡಿ ನೀವೇ ಓಡಿಸ್ಬೇಕು. ಗುಂಡಿ ತಪ್ಪಿಸಿ ಓಡಿಸೋನು ಅವನೊಬ್ನೇ ಅಂತಿದ್ರು ಅಪ್ಪ."

"ಓಡಿಸ್ತೀನಿ ಕಣಮ್ಮ. ಇನ್ಯಾರು ಓಡಿಸ್ಬೇಕು?"

"ಅಲ್ಲಿ ಎರಡು ಮಾತೂ ಆಡ್ಬೇಕು. ಅಪ್ಪನ ಬಗ್ಗೆ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ?"

ಹುಂಜಣ್ಣ ತಲೆಯಾಡಿಸಿದ. ಅದು ನಿಜ ಅಂತಲೇ ಅವನೂ ಅಂದುಕೊಂಡಿದ್ದ. ಆ ಮನೆಯಲ್ಲಿ ಯಾವ ಡಬ್ಬಿಯಲ್ಲಿ ಸಕ್ಕರೆ ಇದೆ, ಯಾವ ಕಿಟಕಿಯ ಚಿಲಕ ಕೂರುವುದಿಲ್ಲ ಎಲ್ಲವೂ ಅವನಿಗೆ ಗೊತ್ತಿತ್ತು. ಹಿತ್ತಲಲ್ಲಿ ಇಪ್ಪತ್ತೆರಡು ಪಟ್ಟೆಕೋಳಿಗಳು ಜನ ಬಂದ ಗಲಾಟೆಗೆ ಗಾಬರಿಬಿದ್ದು ಗೂಡಿನ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಆ ಗೂಡು ಕಟ್ಟಿದ್ದೂ ಅವನೇ.

*

ಹದಿನಾಲ್ಕು ವರ್ಷದ ಹಿಂದೆ ಕೋಳಿ ಸಾಕೋಣ ಅಂತ ಮೊದಲು ಬಾಯಿಬಿಟ್ಟವನು ಡ್ರೈವರ್. ಆಗ ಅವನಿನ್ನೂ ಹುಂಜಣ್ಣ ಆಗಿರಲಿಲ್ಲ. ಯಾವ ಕೋಳಿ ಅನ್ನುವುದರಲ್ಲೇ ಒಂದು ತಿಂಗಳು ಹೋಯಿತು. ಗಡಿಯಾರದಣ್ಣ ಯಾವುದನ್ನೂ ಸುಮ್ಮನೆ ಒಪ್ಪುವ ಜಾತಿಯಲ್ಲ. ಅಂಗಡಿಯ ರಸೀತಿ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು ಮನೆ ಮಾಡಿದ: ವರ್ಷಕ್ಕೆ ಮೊಟ್ಟೆ ಎಷ್ಟು, ಮೇವು ಎಷ್ಟು, ಸೆಕೆ ತಡೆಯುತ್ತಾ, ಕಾವಿಗೆ ಕೂರುತ್ತಾ, ಜಗಳಗಂಟಿಯೋ ಅಲ್ಲವೋ.

"ಈ ಬಿಳಿ ಕೋಳಿ ನೋಡು, ಹೆಚ್ಚೂಕಮ್ಮಿ ದಿನಾ ಮೊಟ್ಟೆ ಇಡುತ್ತೆ."

"ಇಟ್ಟು ಎದ್ದು ಹೋಗುತ್ತಲ್ಲ ಅಣ್ಣ! ಕಾವಿಗೇ ಕೂರಲ್ಲ. ಹೆತ್ತು ಬಿಸಾಕೋ ತಾಯಿ ಯಾಕೆ ನಮಗೆ?"

"ಹಾಗಾದ್ರೆ ಕಂದು ಕೋಳಿ. ಸಾಧು."

"ಸಾಧು ಸರಿ. ನನ್ನ ಹೆಂಡ್ತಿ ಅಣ್ಣನ ಹಾಗೆ ತಿನ್ನುತ್ತೆ."

ಬೋಳುಕತ್ತಿನ ಕೋಳಿ ಸೆಕೆಗೆ ಜಗ್ಗುವುದಿಲ್ಲ. ಆದರೆ ಬೆಳಗ್ಗೆ ಎದ್ದು ಆ ಮುಖ ನೋಡಲಾರೆ ಎಂದಳು ಅತ್ತಿಗೆ. ಕಾಳಗದ ತಳಿ ಒಳ್ಳೆಯ ತಾಯಿ. ಆದರೆ ಅದರ ಹತ್ತಿರ ಹೋದವರ ಕಾಲು ಉಳಿಯುವುದಿಲ್ಲ. ಕೊನೆಗೆ ಡ್ರೈವರ್ ಪೆನ್ನು ಕಿತ್ತುಕೊಂಡು ಇನ್ನೊಂದು ಮನೆ ಎಳೆದು "ಕರೆದರೆ ಬರುತ್ತಾ?" ಅಂತ ಬರೆದ. ಗಡಿಯಾರದಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕರೂ ಮರುದಿನ ಕೋಳಿಮರಿ ಕೇಂದ್ರಕ್ಕೆ ಹೋಗಿ ಅದನ್ನೇ ಕೇಳಿಕೊಂಡು ಬಂದ. ಮೈತುಂಬ ಕಪ್ಪು ಬಿಳಿ ಪಟ್ಟೆ ಇರುವ ತಳಿಯೊಂದಿದೆ, ಮೊಟ್ಟೆಯೂ ಪರವಾಗಿಲ್ಲ, ಕಾವಿಗೂ ಕೂರುತ್ತದೆ, ಕರೆದರೆ ಬರುತ್ತದಂತೆ.

ಜಾಗ ಗಡಿಯಾರದಣ್ಣನ ಹಿತ್ತಲಿನದು. ಗೂಡು, ಬೇಲಿ, ತನ್ನ ದಾರಿಯ ಊರುಗಳಿಂದ ಹೊತ್ತು ತರುವ ಜೋಳದ ನುಚ್ಚು ಡ್ರೈವರನದು. ಮರಿಯಾದಾಗಲೆಲ್ಲ ಇಬ್ಬರಿಗೂ ಸರಿಪಾಲು. ತನ್ನ ಪಾಲಿನ ಮರಿಗಳಿಗೆ ಡ್ರೈವರ್ ತನ್ನ ಹಿತ್ತಲಲ್ಲೂ ಸಣ್ಣದೊಂದು ಗೂಡು ಮಾಡಿಕೊಂಡ.

*

ಕೋಳಿಮರಿ ಕೇಂದ್ರದ ಮೇಡಂ ಹತ್ತು ಗಂಟೆಗೆ ಬಂದಳು. ಸತ್ತವನ ಕಾಲ ಬಳಿ ಹೂವಿಟ್ಟು, ಹೊರಗೆ ಬಂದು ಬೆಂಚಿನಲ್ಲಿ ಹುಂಜಣ್ಣನ ಪಕ್ಕ ಕೂತಳು. ಸಾವಿನ ಮನೆಯಲ್ಲಿ ಎಲ್ಲರೂ ಒಂದೊಂದು ಒಳ್ಳೆಯ ಮಾತು ಹುಡುಕುತ್ತಾರೆ. ಅವಳಿಗೆ ಹುಡುಕುವ ಕಷ್ಟವೇ ಇರಲಿಲ್ಲ.

"ಎಂಥಾ ಕಣ್ಣು ರೀ ಅವರದು! ನಮ್ಮಲ್ಲಿ ಹತ್ತು ವರ್ಷ ಕೆಲಸ ಮಾಡಿದೋರೂ ತಡವರಿಸ್ತಾರೆ. ಇವರು ಗಡಿಯಾರ ನೋಡೋ ಆ ಗಾಜು ಕಣ್ಣಿಗೆ ಸಿಕ್ಕಿಸ್ಕೊಂಡು, ಪಟ್ಟೆಕೋಳಿ ಮರಿ ತಲೆ ನೋಡಿ, ಇದು ಹೇಂಟೆ, ಇದು ಹುಂಜ ಅಂತ ಪಟಪಟ ಹೇಳ್ಬಿಡೋರು."

"ಯಾವ ಮರಿ?" ಎಂದ ಹುಂಜಣ್ಣ.

"ಒಂದು ದಿನದ ಮರಿ. ಮೊಟ್ಟೆಯಿಂದ ಬಂದು ಮೈ ಒಣಗಿದ್ರೆ ಸಾಕು."

"ಒಂದು ದಿನದ ಮರೀಲಿ ಗೊತ್ತಾಗಲ್ಲ ಮೇಡಂ. ಎಲ್ಲಾ ಒಂದೇ ಥರ ಇರ್ತವೆ. ಎರಡು ತಿಂಗಳಾದ್ರೂ ಆಗ್ಬೇಕು, ಜುಟ್ಟು ಬರ್ಬೇಕು."

ಮೇಡಂ ಅವನನ್ನು ಅಚ್ಚರಿಯಿಂದ ನೋಡಿದಳು. "ಬೇರೆ ಕೋಳೀಲಿ ಹಾಗೆ. ಪಟ್ಟೆಕೋಳೀಲಿ ನೆತ್ತಿ ಮೇಲೆ ಬಿಳಿ ಮಚ್ಚೆ ಇರುತ್ತಲ್ಲ? ಅಗಲವಾಗಿ ಹರಡಿಕೊಂಡಿದ್ರೆ ಹುಂಜ. ಸಣ್ಣಗೆ ಒಂದು ಚುಕ್ಕಿ ಹಾಗಿದ್ರೆ ಹೇಂಟೆ. ಹತ್ತರಲ್ಲಿ ಎಂಟೊಂಬತ್ತು ಸರಿಯಾಗೇ ಇರುತ್ತೆ. ಅವರಿಗೆ ನಾನೇ ಹೇಳಿಕೊಟ್ಟಿದ್ದು, ಹನ್ನೆರಡು ವರ್ಷ ಆಯ್ತೇನೋ. ನಿಮಗೆ ಹೇಳಿಲ್ವಾ? ನೀವಿಬ್ರೂ ಜೊತೇಲೇ ಸಾಕ್ತಿದ್ರಿ ಅಲ್ವಾ?"

"ಹೌದು," ಎಂದ ಹುಂಜಣ್ಣ. "ಜೊತೇಲೇ."

*

ಮೊದಲ ಸಲ ಪಾಲು ಮಾಡಿದಾಗ ಮರಿ ಆರಿಸಿದ್ದು ಅವನೇ. ಹನ್ನೆರಡು ಮರಿಯಲ್ಲಿ ಕೈಗೆ ಸಿಕ್ಕ ಆರನ್ನು ಎತ್ತಿಕೊಂಡ. ಬೆಳೆದು ನೋಡಿದರೆ ಆರರಲ್ಲಿ ಐದು ಹುಂಜ. ಬೀದಿಯೆಲ್ಲ ನಕ್ಕಿತು. "ಇವನ ಕೈಗೆ ಹೇಂಟೆ ಸಿಕ್ಕೋದೇ ಇಲ್ಲ ಕಣ್ರೋ, ಹುಂಜಣ್ಣ ಇವನು" ಎಂದು ಹೆಸರಿಟ್ಟವನು ಗಡಿಯಾರದಣ್ಣ. ಅದು ನಿಜವಾದ ದುರದೃಷ್ಟ, ಅದರಲ್ಲಿ ಯಾರ ಕೈವಾಡವೂ ಇರಲಿಲ್ಲ.

ಎರಡನೆಯ ಸಲ ಡ್ರೈವರ್ ತಾನಾಗಿಯೇ ಹಿಂದೆ ಸರಿದು ನಿಂತ. "ನನ್ನ ಕೈ ಸರಿಯಿಲ್ಲ ಅಣ್ಣ. ನೀನೇ ಹಂಚು. ನೀನು ಕೊಟ್ಟಿದ್ದು ತಗೋತೀನಿ." ಗಡಿಯಾರದಣ್ಣ ಬುಟ್ಟಿಯ ಮೇಲೆ ಬಗ್ಗಿ, ನಿನಗೊಂದು ನನಗೊಂದು ಎಂದು ಹಂಚಿದ. ಅಂದಿನಿಂದ ಹಂಚುವುದು ಅವನದೇ ಕೆಲಸವಾಯಿತು. ಡ್ರೈವರನ ಪಾಲಿಗೆ ಪ್ರತಿ ಸಲವೂ ಹುಂಜ. ನಡುವೆ ಒಂದೋ ಎರಡೋ ಹೇಂಟೆ, ಅವೂ ಬಡಕಲು. ಹುಂಜಗಳು ಒಂದನ್ನೊಂದು ಕುಕ್ಕಿ ರಕ್ತ ಹರಿಸುತ್ತಿದ್ದವು. ಒಂದೊಂದನ್ನೇ ಅವರಿವರಿಗೆ ಕೊಟ್ಟು ಮುಗಿಸುತ್ತಿದ್ದ.

ಆದರೆ ಮೊಟ್ಟೆಗೆ ಅವನ ಮನೆಯಲ್ಲಿ ಯಾವತ್ತೂ ಬರವಿರಲಿಲ್ಲ. ಅವನು ಊರಲ್ಲಿದ್ದ ದಿನವೆಲ್ಲ ಬೆಳಗ್ಗೆ ಗೋಡೆಯ ಮೇಲಿಂದ ಗಡಿಯಾರದಣ್ಣನ ಕೈ ಇಳಿಯುತ್ತಿತ್ತು, ಕೈಯಲ್ಲಿ ನಾಲ್ಕು ಮೊಟ್ಟೆ. "ತಗೋ ಮಾರಾಯಾ ಹುಂಜಣ್ಣ, ನಿನ್ನ ಹುಂಜಗಳು ಇಡೋ ತನಕ ಇದನ್ನ ತಿನ್ನು." ಎಂಥ ದೊಡ್ಡ ಮನಸ್ಸು ಎಂದು ಹುಂಜಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಬೇಲಿ ಮುರಿದರೆ ಅವನು ಓಡಿದ. ಗಡಿಯಾರದಣ್ಣನಿಗೆ ಕಣ್ಣಿನ ಆಪರೇಷನ್ ಆದಾಗ ಅವನೇ ರಜೆ ಹಾಕಿ ಕೈಹಿಡಿದು ನಡೆಸಿದ. ಮೊಟ್ಟೆಯ ಋಣ ಎಂದುಕೊಂಡ.

ಇಷ್ಟೇ ಆಗಿದ್ದರೆ ಕೋಳಿಯ ವಿಷಯ ಎಂದು ಕೊಡವಿ ಏಳಬಹುದಿತ್ತು. ಡಿಪೋದಲ್ಲಿ ವರ್ಷಕ್ಕೊಮ್ಮೆ ಚೀಟಿ ಎತ್ತಿ, ಬಂದ ಸರದಿಯಂತೆ ತಮಗೆ ಬೇಕಾದ ದಾರಿ ಆರಿಸಿಕೊಳ್ಳುತ್ತಿದ್ದರು. ಎಲ್ಲರೂ ಮುಗಿಬಿದ್ದು ಕೈ ಹಾಕುವಾಗ ಅವನು ಬಾಗಿಲ ಬಳಿ ನಿಂತು "ಉಳಿದದ್ದು ಕೊಡಿ" ಅನ್ನುತ್ತಿದ್ದ. ನನ್ನ ಕೆಟ್ಟ ಕೈ ನನಗೆ ಗೊತ್ತಿಲ್ಲವೇ ಎಂಬ ನಂಬಿಕೆ. ಉಳಿಯುತ್ತಿದ್ದದ್ದು ಯಾರಿಗೂ ಬೇಡದ ದಾರಿ, ಮುಂಜಾನೆ ನಾಲ್ಕಕ್ಕೆ ಬಿಟ್ಟು ಮರುದಿನ ವಾಪಸು ಬರುವ ಬಸ್ಸು. ಒಂಬತ್ತು ವರ್ಷ ಅದನ್ನೇ ಓಡಿಸಿದ. ಅವನ ಹೆಂಡತಿ ಜಗಳವಾಡಿ ನೋಡಿದಳು, ಕಾಡಿ ನೋಡಿದಳು, ಆಮೇಲೆ ಸುಮ್ಮನಾದಳು. ಅವಳು ಹಾಸಿಗೆ ಹಿಡಿದ ಕೊನೆಯ ಮೂರು ತಿಂಗಳೂ ಅವನು ದಾರಿಯ ಮೇಲೇ ಇದ್ದ.

*

ಅತ್ತಿಗೆ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಳು. ಹುಂಜಣ್ಣ ಹೊಸ್ತಿಲಲ್ಲೇ ನಿಂತ.

"ಅತ್ತಿಗೆ, ಒಂದು ಮಾತು. ಅಣ್ಣನಿಗೆ ಮರಿ ನೋಡಿದ್ರೆ ಹೇಂಟೆ ಯಾವ್ದು, ಹುಂಜ ಯಾವ್ದು ಅಂತ ಗೊತ್ತಾಗ್ತಿತ್ತಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. "ಆ ಮೇಡಂ ಹೇಳಿದ್ರಾ?"

"ನಿಮಗೂ ಗೊತ್ತಿತ್ತು."

"ಗೊತ್ತಿತ್ತು ಡ್ರೈವರಣ್ಣ."

ಬೀದಿಯಲ್ಲಿ ಅವನನ್ನು ಹುಂಜಣ್ಣ ಎಂದು ಕರೆಯದವಳು ಅವಳೊಬ್ಬಳೇ. ಮರ್ಯಾದೆ ಕೊಡುತ್ತಾಳೆ ಅಂತ ಅವನು ತಿಳಿದಿದ್ದ. ಆ ಹೆಸರು ಅವಳ ಬಾಯಿಗೆ ಯಾಕೆ ಬರುತ್ತಿರಲಿಲ್ಲ ಎಂದು ಈಗ ಹೊಳೆಯಿತು.

"ಮೊಟ್ಟೆ ಆಸೆಗೆ ಮಾಡಿದ್ದಲ್ಲ," ಎಂದಳು. "ಬೇಕಾದ್ರೆ ಎಲ್ಲಾ ನಿಮಗೇ ಕೊಡ್ತಿದ್ರು. ಆದ್ರೆ ಕೊಡೋರು ಅವರೇ ಆಗ್ಬೇಕಿತ್ತು. ನಿಮ್ಮಲ್ಲೇ ಹೇಂಟೆ ಆದ್ರೆ ನೀವು ಬೆಳಗ್ಗೆ ಗೋಡೆ ಹತ್ರ ಯಾಕೆ ಬರ್ತೀರಿ? ನಾನೂ ಬೈದೆ. ತಮಾಷೆ ಕಣೇ, ಮುಂದಿನ ಸಲ ಹೇಳ್ತೀನಿ ಅನ್ನೋರು. ಹೀಗೇ ವರ್ಷ ಹೋಯ್ತು. ಆಮೇಲೆ ಹೇಳೋಕೆ ಅವರಿಗೂ ಭಯ, ನನಗೂ ಭಯ."

"ನನ್ನ ಕೈಯೇ ಸರಿಯಿಲ್ಲ ಅಂತ ನಾನು..." ಹುಂಜಣ್ಣ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟು ತೋರಿಸಬೇಕಾದವನು ನಡುಮನೆಯಲ್ಲಿ ಆರಾಮವಾಗಿ ಮಲಗಿದ್ದ.

ಹೊರಗಿಂದ ಮಗಳು ಕರೆದಳು. "ಚಿಕ್ಕಪ್ಪ, ಎಲ್ರೂ ಕಾಯ್ತಿದ್ದಾರೆ."

ಅವನು ಹೋಗಿ ಗಾಡಿ ಹತ್ತಿದ. ಕೀಲಿ ಎಸೆದು ಮನೆಗೆ ಹೋಗಬಹುದಿತ್ತು. ಹೋದರೆ ಕಾರಣ ಹೇಳಬೇಕಿತ್ತು. ಮರಿ ಪಾಲಿನಲ್ಲಿ ಮೋಸ ಎಂದರೆ ಜನ ಇನ್ನೊಮ್ಮೆ ನಗುತ್ತಿದ್ದರು. ಓಡಿಸಿದ. ಗುಂಡಿಗಳನ್ನೂ ತಪ್ಪಿಸಿದ, ಅಭ್ಯಾಸಬಲ.

ಮಣ್ಣು ಮಾಡುವ ಜಾಗದಲ್ಲಿ ಎಲ್ಲರೂ ಅವನ ಮುಖ ನೋಡಿದರು. ಬೆಳಗ್ಗೆ ಮನಸ್ಸಲ್ಲೇ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ.

"ಅವನ ಕಣ್ಣು ಬಹಳ ಚೆನ್ನಾಗಿತ್ತು," ಎಂದ. "ಬೇರೆಯವರಿಗೆ ಕಾಣದೇ ಇರೋದೆಲ್ಲ ಕಾಣ್ತಿತ್ತು."

ಎಷ್ಟು ಸರಿ ಎಂಬಂತೆ ಜನ ತಲೆದೂಗಿದರು. ಮಗಳು ಬಿಕ್ಕಿದಳು. ಕ್ಷೌರದಂಗಡಿಯವನು ಕಣ್ಣೊರೆಸಿಕೊಂಡ.

ವಾಪಸು ಬಂದು ಜನ ಕರಗಿದ ಮೇಲೆ ಅತ್ತಿಗೆ ಅವನನ್ನು ಹಿತ್ತಲಿಗೆ ಕರೆದಳು. ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಎರಡು ಬುಟ್ಟಿಗಳಿದ್ದವು.

"ಮೊನ್ನೆ ಮರಿ ಆಯ್ತು. ನಿನ್ನೆ ಬೆಳಗ್ಗೆ ಕೂತು ಅವರೇ ಪಾಲು ಮಾಡಿಟ್ರು. ಸಂಜೆ ಕೊಡ್ತೀನಿ ಅಂದಿದ್ರು. ಇದು ನಿಮ್ದು." ಅವಳು ಬುಟ್ಟಿಯನ್ನು ಮುಂದೆ ತಳ್ಳಿದಳು. "ಈ ಸಲ ಸರಿ ಮಾಡಿರ್ತಾರೆ ಡ್ರೈವರಣ್ಣ. ನಾಲ್ಕು ದಿನದಿಂದ ಎದೆನೋವು ಅಂತಿದ್ರು. ಅವನಿಗೆ ಹೇಳ್ಬಿಡ್ಬೇಕು ಕಣೇ ಅಂತಾನೂ ಅಂತಿದ್ರು. ನಾನು ತೆಗೆದು ನೋಡಿಲ್ಲ."

ನೋಡದೆ ಮನೆಗೆ ಒಯ್ಯಬಹುದು ಎಂದು ಹುಂಜಣ್ಣನಿಗೆ ಒಮ್ಮೆ ಅನ್ನಿಸಿತು. ಕೊನೆಯ ಸಲವಾದರೂ ಗೆಳೆಯನೆಂದು ಬಗೆದಿದ್ದನೋ, ಕೊನೆಯವರೆಗೂ ಕೋಡಂಗಿಯೆಂದೇ ಬಗೆದನೋ, ಅದೊಂದು ಗೊತ್ತಾಗಬೇಕಿತ್ತು. ಈ ಬುಟ್ಟಿ ಬಿಟ್ಟರೆ ಅದನ್ನು ಹೇಳುವವರು ಇನ್ನು ಯಾರೂ ಇರಲಿಲ್ಲ.

ಬುಟ್ಟಿಯನ್ನು ಬಿಸಿಲಿಗೆ ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತ. ಬಟ್ಟೆ ಸರಿಸಿದ. ಏಳು ಕಪ್ಪು ಮರಿಗಳು ಒಮ್ಮೆಗೇ ಚಿಲಿಪಿಲಿ ಎಂದವು. ಮೊದಲನೆಯದನ್ನು ಎತ್ತಿ ನೆತ್ತಿ ನೋಡಿದ. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಅತ್ತಿಗೆ ಮುಖ ತಿರುಗಿಸಿ ಒಳಗೆ ಹೋದಳು.

ಏಳನೆಯ ಮರಿಯ ನೆತ್ತಿಯ ಮೇಲೂ ಹಾಲು ಚೆಲ್ಲಿದಷ್ಟು ಅಗಲದ ಬಿಳಿ ಮಚ್ಚೆ. ಅದನ್ನು ಕಾಣಲು ಗಾಜು ಬೇಡವಾಗಿತ್ತು, ಕನ್ನಡಕವೂ ಬೇಡವಾಗಿತ್ತು. ಮರಿ ಒಂದೆರಡು ಸಲ ಅವನ ಹೆಬ್ಬೆರಳನ್ನು ಕುಕ್ಕಿತು. ಅಂಗೈ ಬೆಚ್ಚಗಿದೆ ಎಂದು ಗೊತ್ತಾದ ಮೇಲೆ ಕಾಲು ಮಡಚಿ, ಕಣ್ಣು ಮುಚ್ಚಿ, ಅಲ್ಲೇ ನಿದ್ದೆಹೋಯಿತು.